ನೀರಿನ ಮಾರ್ಕ್ಸ್‌ಕಾರ್ಡ್

ಪರೀಕ್ಷೆ ಮುಗಿದು ಮಾರ್ಕ್ಸ್‌ಕಾರ್ಡ್ ಮನೆಗೆ ಬಂದಾಗ ಅಪ್ಪ ಅಮ್ಮ ಏನು ಮಾಡುತ್ತಾರೆ? ಮೊದಲು ಕೆಳಗಿನ ಒಟ್ಟು ಮೊತ್ತದ ಮೇಲೆ ಕಣ್ಣಾಡಿಸುತ್ತಾರೆ. ಆಮೇಲೆ ಒಂದೊಂದೇ ವಿಷಯದ ಅಂಕ ನೋಡುತ್ತಾರೆ. ಒಟ್ಟು ಮೊತ್ತ ಎಷ್ಟೇ ಚೆನ್ನಾಗಿರಲಿ, ಗಣಿತದಲ್ಲಿ ಡುಮ್ಕಿ ಹೊಡೆದಿದ್ದರೆ ಅದು ಡುಮ್ಕಿಯೇ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಆದರೆ ಅದೇ ಮನೆಗೆ ಪ್ರಯೋಗಾಲಯದಿಂದ ಕುಡಿಯುವ ನೀರಿನ ಪರೀಕ್ಷಾ ವರದಿ ಬಂದರೆ ಓದುವ ಕ್ರಮವೇ ಬೇರೆ. ಇಪ್ಪತ್ತು ಸಾಲುಗಳಲ್ಲಿ ಟಿಡಿಎಸ್ ಎಂಬ ಒಂದು ಸಾಲನ್ನು ಹುಡುಕುತ್ತೇವೆ. ‘ಐನೂರರ ಒಳಗಿದೆ, ಸದ್ಯ’ ಎಂದು ನಿಟ್ಟುಸಿರು ಬಿಟ್ಟು ಕಾಗದವನ್ನು ಮಡಿಸಿ ಬೀರುವಿಗೆ ಸೇರಿಸುತ್ತೇವೆ. ಮಗುವಿನ ಮಾರ್ಕ್ಸ್‌ಕಾರ್ಡಿಗೆ ಸಿಗುವ ಗಮನ, ಮಗು ದಿನವೂ ಕುಡಿಯುವ ನೀರಿನ ಮಾರ್ಕ್ಸ್‌ಕಾರ್ಡಿಗೆ ಸಿಗುವುದಿಲ್ಲ.

ಈ ವರದಿಯನ್ನು ಸಾಲುಸಾಲಾಗಿ, ಪೆನ್ಸಿಲ್ ಹಿಡಿದು ಓದುವ ಒಂದು ಪಂಗಡ ಅಮೆರಿಕದಲ್ಲಿದೆ. ಅವರು ವೈದ್ಯರಲ್ಲ, ಎಂಜಿನಿಯರುಗಳೂ ಅಲ್ಲ. ಮನೆಯಲ್ಲಿ ತಮ್ಮಷ್ಟಕ್ಕೆ ಬಿಯರ್ ತಯಾರಿಸುವ ಹವ್ಯಾಸಿಗಳು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆಯಿಂದಾಗಿ ಅಲ್ಲಿ ಈ ಹವ್ಯಾಸಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ಸಿಕ್ಕಿತು. ನಮ್ಮ ರಾಜ್ಯದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ. ಅದನ್ನು ಕಲಿಸುವುದು ಈ ಅಂಕಣದ ಕೆಲಸವೂ ಅಲ್ಲ. ಆದರೆ ನೀರಿನ ವರದಿ ಓದುವ ವಿದ್ಯೆಯನ್ನು ಮಾತ್ರ ಅವರಿಂದ ಧಾರಾಳವಾಗಿ ಎರವಲು ಪಡೆಯಬಹುದು.

ಮೂರು ಊರು, ಮೂರು ನೀರು

ಬಿಯರಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ. ಉಳಿದದ್ದು ಬಾರ್ಲಿ ಮಾಲ್ಟ್, ಹಾಪ್ಸ್ ಎಂಬ ಬಳ್ಳಿಯ ಹೂವು ಮತ್ತು ಯೀಸ್ಟಿನ ಕೈವಾಡ. ನಾವು ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಒಣಗಿಸುವ ಹಾಗೆಯೇ ಬಾರ್ಲಿಯನ್ನೂ ಮೊಳಕೆ ಕಟ್ಟಿ ಒಣಗಿಸಿದರೆ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ನೆನೆಹಾಕಿದಾಗ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಈ ಕೆಲಸ ಸುಸೂತ್ರವಾಗಿ ಆಗಬೇಕಾದರೆ ಆ ಹಿಟ್ಟುನೀರಿನ ಪಿಎಚ್ ಸುಮಾರು 5.2ರಿಂದ 5.6ರ ನಡುವೆ ಇರಬೇಕು. ನೀರಿನಲ್ಲಿರುವ ಕ್ಯಾಲ್ಸಿಯಂ ಪಿಎಚ್ ಅನ್ನು ಕೆಳಕ್ಕೆ ಎಳೆಯುತ್ತದೆ. ಬೈಕಾರ್ಬನೇಟು ಮೇಲಕ್ಕೆ ಎತ್ತುತ್ತದೆ. ಹಗ್ಗಜಗ್ಗಾಟದಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಆಯಾ ಊರಿನ ನೆಲದಡಿಯ ಕಲ್ಲಿನ ಮೇಲೆ ನಿಂತಿದೆ.

ಇಂಗ್ಲೆಂಡಿನ ಬರ್ಟನ್ ಅಪಾನ್ ಟ್ರೆಂಟ್ ಊರಿನ ಬಾವಿಗಳ ನೀರು ಜಿಪ್ಸಂ ಪದರಗಳ ಮೂಲಕ ಇಳಿದು ಬರುತ್ತದೆ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟು. ಅಲ್ಲಿಯ ನೀರಿನಲ್ಲಿ ಲೀಟರಿಗೆ ಸಲ್ಫೇಟು 600 ಮಿಲಿಗ್ರಾಮಿನ ಆಸುಪಾಸು ಎಂದು ಬಿಯರ್ ಪುಸ್ತಕಗಳ ಪಟ್ಟಿಗಳು ಹೇಳುತ್ತವೆ. ಸಲ್ಫೇಟು ಹಾಪ್ಸಿನ ಕಹಿಯನ್ನು ಚುರುಕಾಗಿ ಎತ್ತಿ ಕೊಡುತ್ತದೆ. 1820ರ ದಶಕದಿಂದ ಹಡಗು ಹತ್ತಿ ನಮ್ಮ ದೇಶಕ್ಕೆ ಬರತೊಡಗಿದ ಬರ್ಟನ್ನಿನ ‘ಇಂಡಿಯಾ ಪೇಲ್ ಏಲ್’ ಹೆಸರು ಗಳಿಸಿದ್ದು ಈ ನೀರಿನ ಬಲದಿಂದ. ಮುಂದೆ ಬೇರೆ ಊರಿನವರು ತಮ್ಮ ನೀರಿಗೆ ಜಿಪ್ಸಂ ಬೆರೆಸಿ ಅದೇ ರುಚಿ ಹಿಡಿಯಲು ನೋಡಿದರು. ಆ ಕ್ರಿಯೆಗೆ ‘ಬರ್ಟನೈಸ್ ಮಾಡುವುದು’ ಎಂಬ ಹೆಸರೇ ನಿಂತಿತು.

ಈಗಿನ ಚೆಕ್ ದೇಶದಲ್ಲಿರುವ ಪಿಲ್ಸೆನ್ ಊರಿನ ನೀರು ಇದಕ್ಕೆ ತದ್ವಿರುದ್ಧ. ಕ್ಯಾಲ್ಸಿಯಂ ಲೀಟರಿಗೆ 10 ಮಿಲಿಗ್ರಾಮೂ ಇಲ್ಲ. ಮಳೆನೀರಿಗೆ ಅಣ್ಣನೋ ತಮ್ಮನೋ ಎನ್ನುವಷ್ಟು ಮೆದು. ಬವೇರಿಯಾದಿಂದ ಬಂದ ಯೋಸೆಫ್ ಗ್ರೋಲ್ ಎಂಬಾತ 1842ರಲ್ಲಿ ಅಲ್ಲಿ ತಯಾರಿಸಿದ ಹೊಂಬಣ್ಣದ ಬಿಯರು ‘ಪಿಲ್ಸ್ನರ್’ ಎಂದು ಜಗತ್ತಿಗೆಲ್ಲ ಹಬ್ಬಿತು. ಮ್ಯೂನಿಕ್ಕಿನ ನೀರಿನಲ್ಲಿ ಬೈಕಾರ್ಬನೇಟು ಹೆಚ್ಚು. ಅಲ್ಲಿ ಕಂದು ಬಣ್ಣದ ಮಾಲ್ಟು ಬೇಕಾಯಿತು. ಹೆಚ್ಚು ಕಾವಿನಲ್ಲಿ ಒಣಗಿಸಿದ ಮಾಲ್ಟಿನ ಹುಳಿ ಗುಣ ಆ ಬೈಕಾರ್ಬನೇಟಿಗೆ ಸರಿಹೊಂದುತ್ತದೆ. ಹಾಗಾಗಿ ಮ್ಯೂನಿಕ್ಕಿನ ಹೆಸರು ಅಂಟಿಕೊಂಡದ್ದು ಕಡುಬಣ್ಣದ ಬಿಯರಿಗೆ.

ಆ ಕಾಲದ ಬಿಯರ್ ತಯಾರಕರಿಗೆ ಇದರ ಕಾರಣ ಗೊತ್ತಿರಲಿಲ್ಲ. ನಾಲಿಗೆಯೇ ಅವರ ಪ್ರಯೋಗಾಲಯ. ಪಿಎಚ್ ಎಂಬ ಮಾಪನವನ್ನು 1909ರಲ್ಲಿ ಬಳಕೆಗೆ ತಂದವರು ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೊರೆನ್‌ಸೆನ್. ಅವರು ಕೆಲಸ ಮಾಡುತ್ತಿದ್ದದ್ದು ಬಿಯರ್ ಉದ್ಯಮಿಯೊಬ್ಬರು 1875ರಲ್ಲಿ ಸ್ಥಾಪಿಸಿದ್ದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ರಸಾಯನ ವಿಜ್ಞಾನದ ಪಾಠದಲ್ಲಿ ಪಿಎಚ್ ಬಂದಾಗ ವಿದ್ಯಾರ್ಥಿಗಳು ಇದನ್ನು ನೆನೆಯಬಹುದು.

ಈಗ ಒಂದು ಸ್ವಾರಸ್ಯ ಗಮನಿಸಿ. ನಮ್ಮ ಭಾರತೀಯ ಮಾನಕ ಸಂಸ್ಥೆ 2012ರಲ್ಲಿ ಪರಿಷ್ಕರಿಸಿದ ಕುಡಿಯುವ ನೀರಿನ ಮಾನಕದ ಸಂಖ್ಯೆ 10500. ಅದರ ಪ್ರಕಾರ ಸಲ್ಫೇಟಿನ ಸ್ವೀಕಾರಾರ್ಹ ಮಿತಿ 200, ಬೇರೆ ದಾರಿಯೇ ಇಲ್ಲದಾಗ 400. ಅಂದರೆ ಬಿಯರ್ ಲೋಕದಲ್ಲಿ ರ‍್ಯಾಂಕ್ ಪಡೆದ ಬರ್ಟನ್ ನೀರು ನಮ್ಮ ಕುಡಿಯುವ ನೀರಿನ ಪರೀಕ್ಷೆಯಲ್ಲಿ ಫೇಲು! ಹಾಗಾದರೆ ಅದು ಒಳ್ಳೆಯ ನೀರೋ ಕೆಟ್ಟ ನೀರೋ? ಯಾವ ಕೆಲಸಕ್ಕೆ ಎಂದು ಹೇಳದೆ ಈ ಪ್ರಶ್ನೆಗೆ ಉತ್ತರವಿಲ್ಲ.

ಕ್ಲೋರೀನನ್ನೇ ತೆಗೆದುಕೊಳ್ಳಿ. ಹವ್ಯಾಸಿ ಬಿಯರ್ ತಯಾರಕನಿಗೆ ನಲ್ಲಿನೀರಿನ ಕ್ಲೋರೀನು ಕಡುವೈರಿ. ಮಾಲ್ಟಿನ ಅಂಶಗಳೊಡನೆ ಕೂಡಿ ಔಷಧದ ವಾಸನೆ ಹುಟ್ಟಿಸಿ ಇಡೀ ಪಾತ್ರೆಯನ್ನು ಕೆಡಿಸುತ್ತದೆ. ನಮಗೋ, ನಲ್ಲಿಯಲ್ಲಿ ಬರುವ ಬ್ಲೀಚಿಂಗ್ ಪೌಡರಿನ ಸಣ್ಣ ವಾಸನೆ ಕಾವಲುಗಾರನ ಸೀಟಿಯಿದ್ದಂತೆ. ಕ್ಲೋರೀನು ಹಾಕಿದ ನೀರು ಮನೆ ತಲುಪಿದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎಂದು ಮಾನಕವೇ ಹೇಳುತ್ತದೆ. ಅಷ್ಟು ಉಳಿದಿದ್ದರೆ ದಾರಿಯಲ್ಲಿ ಸೇರಿಕೊಳ್ಳುವ ರೋಗಾಣುಗಳಿಗೆ ಎದುರು ಬಲ ಇದೆ ಎಂದರ್ಥ.

ಕೇಳಿದ ಪ್ರಶ್ನೆಗಷ್ಟೇ ಉತ್ತರ

ಅಮೆರಿಕದಲ್ಲಿ 1999ರಿಂದ ಸಾರ್ವಜನಿಕ ನೀರು ಸರಬರಾಜು ಸಂಸ್ಥೆಗಳು ತಮ್ಮ ನೀರಿನ ಗುಣಮಟ್ಟದ ವರದಿಯನ್ನು ವರ್ಷವರ್ಷವೂ ಗ್ರಾಹಕರಿಗೆ ಕೊಡಬೇಕೆಂಬ ನಿಯಮವಿದೆ. ಹವ್ಯಾಸಿ ಅದನ್ನು ಆಸೆಯಿಂದ ತೆರೆಯುತ್ತಾನೆ. ಸೀಸ, ನೈಟ್ರೇಟು, ರೋಗಾಣು, ಎಲ್ಲದರ ವಿವರವೂ ಇರುತ್ತದೆ. ಅವನಿಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡು, ಸಲ್ಫೇಟು, ಬೈಕಾರ್ಬನೇಟು ಎಂಬ ಆರು ಸಾಲುಗಳು ಎಷ್ಟೋ ವರದಿಗಳಲ್ಲಿ ಪೂರ್ತಿ ಇರುವುದೇ ಇಲ್ಲ. ಯಾಕೆಂದರೆ ಆ ವರದಿ ಬರೆದದ್ದು ಆರೋಗ್ಯದ ಪ್ರಶ್ನೆಗೆ ಉತ್ತರವಾಗಿ. ಆಗ ಅವನು ಸರಬರಾಜು ಕಚೇರಿಗೆ ಫೋನ್ ಮಾಡಿ ಆ ಆರು ಅಂಕಿಗಳನ್ನು ಹೆಸರು ಹಿಡಿದು ಕೇಳುತ್ತಾನೆ.

ನಮ್ಮಲ್ಲಿ ತೊಂದರೆ ಇದರ ತಿರುಗುಮುರುಗು. ಬೋರ್‌ವೆಲ್ ಕೊರೆಸಿದವರು ‘ನೀರು ಟೆಸ್ಟ್ ಮಾಡಿಸಿದ್ದೇವೆ’ ಎನ್ನುತ್ತಾರೆ. ನೋಡಿದರೆ ಪಿಎಚ್, ಟಿಡಿಎಸ್, ಗಡಸುತನ, ಈ ಮೂರೇ ಸಾಲು. ಫ್ಲೋರೈಡ್ ಕೇಳಿಲ್ಲ, ನೈಟ್ರೇಟ್ ಕೇಳಿಲ್ಲ, ಇ-ಕೊಲೈ ಕೇಳಿಲ್ಲ. ಹಾಜರಾಗದ ವಿಷಯದಲ್ಲಿ ಫೇಲಾಗಿಲ್ಲ ಎಂದು ಹಿಗ್ಗಿದ ಹಾಗಾಯಿತು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಮೊದಲಾದ ಕಡೆ ಅಂತರ್ಜಲದ ಫ್ಲೋರೈಡ್ ಹಳೆಯ ಪಿಡುಗು. ಅಂಥ ಊರಿನ ನೀರಿನ ವರದಿಯಲ್ಲಿ ಫ್ಲೋರೈಡಿನ ಸಾಲೇ ಇಲ್ಲದಿದ್ದರೆ ಉಳಿದ ಸಾಲುಗಳಿಂದ ಏನು ಪ್ರಯೋಜನ?

ನಮ್ಮ ಅಜ್ಜಿಯರಿಗೂ ನೀರಿನ ಪರೀಕ್ಷೆ ಗೊತ್ತಿತ್ತು. ಸಾಬೂನು ನೊರೆ ಬಾರದಿದ್ದರೆ, ಬೇಳೆ ಬೇಯದಿದ್ದರೆ, ಹಂಡೆಯ ಒಳಗೆ ಬಿಳಿ ಪದರ ಕಟ್ಟಿದರೆ ‘ಇದು ಗಡಸು ನೀರು’ ಎಂದು ತೀರ್ಮಾನ ಕೊಡುತ್ತಿದ್ದರು. ಮೂರೂ ಸರಿಯೇ. ಕ್ಯಾಲ್ಸಿಯಂ ಸಾಬೂನಿನೊಡನೆ ಕೂಡಿ ಕೊಳೆಯಂಥ ಗಷ್ಟು ಕಟ್ಟುತ್ತದೆ, ಬೇಳೆಯ ಕೋಶಗಳ ಗೋಡೆಯನ್ನು ಬಿಗಿಯುತ್ತದೆ, ಬೈಕಾರ್ಬನೇಟಿನ ಜತೆಗಿದ್ದರೆ ಕಾಯಿಸಿದಾಗ ಸುಣ್ಣವಾಗಿ ಪಾತ್ರೆಗೆ ಅಂಟುತ್ತದೆ. ಆದರೆ ಫ್ಲೋರೈಡಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಊರೆಲ್ಲ ‘ಸಿಹಿನೀರು’ ಎಂದು ಹೊಗಳುವ ಬಾವಿಯಲ್ಲೂ ಅದು ಅಡಗಿರಬಹುದು. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡಾಗಲಿ ನೈಟ್ರೇಟಾಗಲಿ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಇನ್ನಷ್ಟು ಸಾಂದ್ರವಾಗುತ್ತವೆ.

ಮೊತ್ತದ ಮೋಸ

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿದ ಘನಪದಾರ್ಥಗಳ ಒಟ್ಟು ಮೊತ್ತ. ಯಾವುದು ಎಷ್ಟಿದೆ ಎಂದು ಅದು ಹೇಳದು. ಜೇಬಿನಲ್ಲಿಟ್ಟುಕೊಳ್ಳುವ ಟಿಡಿಎಸ್ ಮೀಟರು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದರಿಂದ ಮೊತ್ತವನ್ನು ಅಂದಾಜು ಮಾಡುತ್ತದೆ. ಒಂದು ನೀರಿನಲ್ಲಿ ಟಿಡಿಎಸ್ 700, ಹೆಚ್ಚಿನಂಶ ಸುಣ್ಣ ಮತ್ತು ಉಪ್ಪು; ಇನ್ನೊಂದರಲ್ಲಿ ಟಿಡಿಎಸ್ 400, ಅದರೊಳಗೆ ಫ್ಲೋರೈಡ್ 3 ಎಂದಿಟ್ಟುಕೊಳ್ಳಿ. ಮೀಟರು ಮೊದಲನೆಯದಕ್ಕೆ ಹುಬ್ಬು ಗಂಟಿಕ್ಕಿ ಎರಡನೆಯದಕ್ಕೆ ಶಹಭಾಸ್ ಹೇಳುತ್ತದೆ. ಮಗುವಿನ ಹಲ್ಲಿಗೆ ಅಪಾಯ ಎರಡನೆಯದರಿಂದ. ರೋಗಾಣುಗಳಂತೂ ಮೀಟರಿನ ಕಣ್ಣಿಗೇ ಬೀಳುವುದಿಲ್ಲ.

ಮನೆ ಬಾಗಿಲಿಗೆ ಬರುವ ಕೆಲವು ಶುದ್ಧೀಕರಣ ಯಂತ್ರದ ಮಾರಾಟಗಾರರ ಇನ್ನೊಂದು ಆಟ ಉಂಟು. ಎರಡು ಲೋಟ ಇಡುತ್ತಾರೆ. ಒಂದರಲ್ಲಿ ನಿಮ್ಮ ನಲ್ಲಿನೀರು, ಇನ್ನೊಂದರಲ್ಲಿ ಅವರ ಯಂತ್ರದ ನೀರು. ಲೋಹದ ಸರಳುಗಳಿರುವ ಉಪಕರಣವನ್ನು ಅದ್ದಿ ವಿದ್ಯುತ್ ಹರಿಸುತ್ತಾರೆ. ನಿಮ್ಮ ನೀರು ಕ್ಷಣದಲ್ಲಿ ಕಂದುಗಟ್ಟಿ ಕೆಸರಾಗುತ್ತದೆ. ಅವರದು ತಿಳಿಯಾಗಿಯೇ ಇರುತ್ತದೆ. ‘ನೋಡಿ ಅಮ್ಮಾ, ನಿಮ್ಮ ಮಕ್ಕಳು ಕುಡಿಯುವುದು ಇದನ್ನೇ!’

ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ ಅಲ್ಲೇ ಇದ್ದರೆ ಉತ್ತರ ಹೇಳಬಲ್ಲ. ಲವಣಗಳಿರುವ ನೀರು ವಿದ್ಯುತ್ತನ್ನು ಹರಿಯಬಿಡುತ್ತದೆ, ಆಗ ಕಬ್ಬಿಣದ ಸರಳು ಕರಗಿ ತುಕ್ಕಾಗುತ್ತದೆ. ಕೆಸರು ಬಂದದ್ದು ಸರಳಿನಿಂದ. ಯಂತ್ರದ ನೀರಿನಲ್ಲಿ ಲವಣ ಕಡಿಮೆ, ವಿದ್ಯುತ್ ಹರಿಯುವುದು ಕಷ್ಟ, ಸರಳು ಹಾಗೇ ಉಳಿಯುತ್ತದೆ. ಅವರ ಲೋಟಕ್ಕೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೊಮ್ಮೆ ತೋರಿಸಲು ಹೇಳಿ, ಅದೂ ಕಂದಾಗುತ್ತದೆ. (ಮನೆಯ ಕರೆಂಟಿನಿಂದ ನೀವೇ ಈ ಪ್ರಯೋಗಕ್ಕೆ ಇಳಿಯಬೇಡಿ, ಪ್ರಾಣಕ್ಕೆ ಸಂಚಕಾರ.) ಹಾಗೆಂದು ಆ ಯಂತ್ರಗಳು ನಿಷ್ಪ್ರಯೋಜಕವಲ್ಲ. ಫ್ಲೋರೈಡ್, ನೈಟ್ರೇಟ್ ಹೆಚ್ಚಿರುವ ಕಡೆ ರಿವರ್ಸ್ ಆಸ್ಮೋಸಿಸ್ ಕೆಲಸಕ್ಕೆ ಬರುತ್ತದೆ. ನಮ್ಮ ಮನೆಗೆ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದದ್ದು ವರದಿ ನೋಡಿ, ಲೋಟದ ಕೆಸರು ನೋಡಿ ಅಲ್ಲ.

ಗ್ರೇಸ್ ಮಾರ್ಕು ಇರುವ ವಿಷಯ, ಇಲ್ಲದ ವಿಷಯ

ಈಗ ವರದಿಯನ್ನು ಕೈಗೆತ್ತಿಕೊಳ್ಳೋಣ. ಇದರಲ್ಲಿ ಹೆಚ್ಚಿನ ವಿಷಯಗಳಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಅಂಕಿಗಳು ಸಾಮಾನ್ಯವಾಗಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿರುತ್ತವೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ, ಅಂದರೆ ಹತ್ತು ಲಕ್ಷ ಮಿಲಿಗ್ರಾಂ. ಹಾಗಾಗಿ ಲೀಟರಿಗೆ 1 ಮಿಲಿಗ್ರಾಂ ಎಂದರೂ ಹತ್ತು ಲಕ್ಷದಲ್ಲಿ 1 ಪಾಲು, ಅಂದರೆ 1 ಪಿಪಿಎಂ, ಎಂದರೂ ಒಂದೇ.

ಮಾನಕದಲ್ಲಿ ಎರಡು ಗೆರೆಗಳಿವೆ. ಮೊದಲನೆಯದು ಸ್ವೀಕಾರಾರ್ಹ ಮಿತಿ. ಎರಡನೆಯದು ಬೇರೆ ನೀರಿನ ಮೂಲವೇ ಇಲ್ಲದಾಗ ಒಪ್ಪಬಹುದಾದ ಮಿತಿ, ಒಂದು ಬಗೆಯ ಗ್ರೇಸ್ ಮಾರ್ಕು. ಟಿಡಿಎಸ್‌ಗೆ 500 ಮತ್ತು 2000; ಗಡಸುತನಕ್ಕೆ 200 ಮತ್ತು 600; ಕ್ಲೋರೈಡಿಗೆ 250 ಮತ್ತು 1000. ಇವುಗಳಲ್ಲಿ ಗ್ರೇಸ್ ಧಾರಾಳ. ಫ್ಲೋರೈಡಿಗೆ 1.0 ಮತ್ತು 1.5 ಮಾತ್ರ. ಅದಕ್ಕಿಂತ ಹೆಚ್ಚಾದ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳು ಕುಡಿಯುತ್ತ ಬಂದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ತುಂಬ ಹೆಚ್ಚಾದರೆ ವರ್ಷಗಳು ಕಳೆದಂತೆ ಮೂಳೆ, ಕೀಲುಗಳೇ ಬಿಗಿಯುತ್ತವೆ. ನೈಟ್ರೇಟಿನ ಮಿತಿ 45, ಗ್ರೇಸ್ ಇಲ್ಲವೇ ಇಲ್ಲ. ಇ-ಕೊಲೈ ಎಂಬ ಮಲಮೂಲದ ರೋಗಾಣು 100 ಮಿಲಿಲೀಟರಿನಲ್ಲಿ ಒಂದೂ ಕಾಣಬಾರದು.

ಕೆಲವು ಸಾಲುಗಳಲ್ಲಿ ಅಂಕಿಯ ಬದಲು ‘ಬಿಡಿಎಲ್’ ಎಂದಿರುತ್ತದೆ. ಅದು ಸೊನ್ನೆಯಲ್ಲ. ಪ್ರಯೋಗಾಲಯದ ಉಪಕರಣ ಕಾಣಬಲ್ಲ ಮಟ್ಟಕ್ಕಿಂತ ಕಡಿಮೆ ಎಂದಷ್ಟೇ ಅರ್ಥ.

ಯಾವ ವೇಷದಲ್ಲಿ?

ಬಿಯರ್ ಹವ್ಯಾಸಿಗಳು ಪ್ರತಿ ಅಂಕಿಯ ಪಕ್ಕದ ಸಣ್ಣಕ್ಷರವನ್ನೂ ಬಿಡದೆ ಓದುತ್ತಾರೆ. ಅಲ್ಲಿಯ ಕೆಲವು ಪ್ರಯೋಗಾಲಯಗಳು ಸಲ್ಫೇಟನ್ನು ಸಲ್ಫೇಟಾಗಿ ಬರೆಯದೆ, ಅದರಲ್ಲಿರುವ ಗಂಧಕದ ಲೆಕ್ಕದಲ್ಲಿ ಬರೆಯುತ್ತವೆ. ಆಗ ಅಂಕಿಯನ್ನು ಮೂರರಿಂದ ಗುಣಿಸಬೇಕು. ಕ್ಷಾರತೆಯನ್ನು ಕ್ಯಾಲ್ಸಿಯಂ ಕಾರ್ಬನೇಟಿನ ಲೆಕ್ಕದಲ್ಲಿ ಬರೆದಿದ್ದರೆ 1.22ರಿಂದ ಗುಣಿಸಿದಾಗ ಬೈಕಾರ್ಬನೇಟು ಸಿಗುತ್ತದೆ. ಇದನ್ನು ನೋಡದೆ ಹೋದರೆ ಅವರು ಕಳೆದುಕೊಳ್ಳುವುದು ಒಂದು ಪಾತ್ರೆ ಬಿಯರನ್ನು.

ನಮ್ಮಲ್ಲಿ ಇದೇ ಸಣ್ಣಕ್ಷರ ನೈಟ್ರೇಟಿನ ಸಾಲಿನಲ್ಲಿ ಬಂದರೆ ಪಣ ದೊಡ್ಡದು. ವರದಿಯಲ್ಲಿ ‘ನೈಟ್ರೇಟ್ 20’ ಎಂದಿದೆ ಎನ್ನಿ. ಅದು ನೈಟ್ರೇಟಿನ ಲೆಕ್ಕವಾದರೆ 45ರ ಒಳಗಿದೆ, ಚಿಂತೆಯಿಲ್ಲ. ‘ನೈಟ್ರೋಜನ್ ಲೆಕ್ಕದಲ್ಲಿ’ ಎಂದಿದ್ದರೆ? ನೈಟ್ರೋಜನ್ನಿನ ಪರಮಾಣು ತೂಕ 14, ನೈಟ್ರೇಟಿನದು 62. ಹಾಗಾಗಿ 20ನ್ನು 62ರಿಂದ ಗುಣಿಸಿ 14ರಿಂದ ಭಾಗಿಸಬೇಕು. ಉತ್ತರ ಸುಮಾರು 88. ಮಿತಿಯ ಇಮ್ಮಡಿಗೆ ಹತ್ತಿರ! ಅಮೆರಿಕದ ಮಿತಿ 10 ಎಂದು ಓದಿ, ನಮ್ಮದೇಕೆ 45 ಎಂದು ಗೊಂದಲಗೊಳ್ಳುವವರಿಗೂ ಇದೇ ಉತ್ತರ. ವೇಷ ಬೇರೆ, ಪ್ರಮಾಣ ಹೆಚ್ಚುಕಡಿಮೆ ಒಂದೇ.

ಈ ಮಿತಿಯ ಹಿಂದೆ ಎಳೆಯ ಕೂಸುಗಳ ಕಥೆಯಿದೆ. 1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ, ಬಾವಿನೀರಿನಲ್ಲಿ ಕಲಸಿದ ಹಾಲಿನ ಆಹಾರ ಕುಡಿದ ಹಸುಗೂಸುಗಳು ನೀಲಿಗಟ್ಟುವುದಕ್ಕೆ ಆ ನೀರಿನ ನೈಟ್ರೇಟು ಕಾರಣವೆಂದು ವರದಿ ಮಾಡಿದರು. ಹೊಟ್ಟೆ ಸೇರಿದ ನೈಟ್ರೇಟು ನೈಟ್ರೈಟಾಗಿ ಮಾರ್ಪಟ್ಟು, ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಂದಿಸುತ್ತದೆ. ಆರು ತಿಂಗಳೊಳಗಿನ ಕೂಸುಗಳಿಗೆ ಅಪಾಯ ಹೆಚ್ಚು. ಗೊಬ್ಬರ ಸುರಿದ ಹೊಲ, ತಿಪ್ಪೆ, ಶೌಚದ ಗುಂಡಿ, ಇವು ಬಾವಿಯ ಹತ್ತಿರವಿದ್ದರೆ ನೈಟ್ರೇಟಿನ ಸಾಲನ್ನು ಕೇಳಿಯೇ ಬರೆಸಬೇಕು.

ಮನೆಯಲ್ಲೇ ತಾಳೆ ನೋಡಿ

ಪಿಯುಸಿ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ನೀರಿಗೆ ಒಟ್ಟಾರೆ ವಿದ್ಯುದಂಶ ಇರುವುದಿಲ್ಲ. ಆದ್ದರಿಂದ ಅದರಲ್ಲಿ ಕರಗಿರುವ ಧನ ಅಯಾನುಗಳೂ ಋಣ ಅಯಾನುಗಳೂ ಸಮ ತೂಗಬೇಕು. ಪ್ರತಿ ಅಂಕಿಯನ್ನೂ ಅದರ ಸಮಾನ ತೂಕದಿಂದ ಭಾಗಿಸಿ: ಕ್ಯಾಲ್ಸಿಯಂಗೆ 20, ಮೆಗ್ನೀಸಿಯಂಗೆ 12, ಸೋಡಿಯಂಗೆ 23; ಬೈಕಾರ್ಬನೇಟಿಗೆ 61, ಕ್ಲೋರೈಡಿಗೆ 35.5, ಸಲ್ಫೇಟಿಗೆ 48.

ಉದಾಹರಣೆಗೆ ಒಂದು ವರದಿಯಲ್ಲಿ ಕ್ಯಾಲ್ಸಿಯಂ 60, ಮೆಗ್ನೀಸಿಯಂ 24, ಸೋಡಿಯಂ 46 ಇದೆ ಎಂದಿಟ್ಟುಕೊಳ್ಳೋಣ. ಭಾಗಿಸಿದರೆ 3, 2, 2, ಕೂಡಿದರೆ 7. ಅದೇ ವರದಿಯಲ್ಲಿ ಬೈಕಾರ್ಬನೇಟು 244, ಕ್ಲೋರೈಡು 71, ಸಲ್ಫೇಟು 48. ಭಾಗಿಸಿದರೆ 4, 2, 1. ಮೊತ್ತ ಮತ್ತೆ 7. ತಾಳೆಯಾಯಿತು. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಮೊತ್ತ 5ನ್ನು 50ರಿಂದ ಗುಣಿಸಿದರೆ 250. ವರದಿಯ ಗಡಸುತನವೂ ಅದರ ಆಸುಪಾಸಿನಲ್ಲೇ ಇರಬೇಕು. ನಿಜವಾದ ವರದಿಯಲ್ಲಿ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಕೂಡಿಬರುವುದಿಲ್ಲ. ಪೊಟ್ಯಾಸಿಯಂ, ನೈಟ್ರೇಟುಗಳೂ ಸ್ವಲ್ಪ ಇರುತ್ತವೆ. ಸಣ್ಣ ವ್ಯತ್ಯಾಸ ಸಹಜ. ಒಂದು ಕಡೆ 7, ಇನ್ನೊಂದು ಕಡೆ 11 ಬಂದರೆ ಮಾತ್ರ ಯಾವುದೋ ಸಾಲು ತಪ್ಪಿದೆ, ಇಲ್ಲವೇ ಬಿಟ್ಟುಹೋಗಿದೆ. ಪ್ರಯೋಗಾಲಯವನ್ನು ವಿನಯದಿಂದಲೇ ಕೇಳಬಹುದು.

ಒಂದೇ ಬಾಟಲಿ ಸಾಕೆ?

ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಡಬ್ಲ್ಯೂ. ಎಸ್. ಗೊಸೆಟ್ ಎಂಬ ಉದ್ಯೋಗಿಯಿದ್ದರು. ಕೈಯಲ್ಲಿರುವ ನಮೂನೆಗಳು ನಾಲ್ಕೋ ಐದೋ ಮಾತ್ರವಾದರೆ ಅವನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ಗಣಿತದಲ್ಲಿ ಉತ್ತರ ಹುಡುಕಿ 1908ರಲ್ಲಿ ಪ್ರಕಟಿಸಿದರು. ಸ್ವಂತ ಹೆಸರಿನ ಬದಲು ‘ಸ್ಟೂಡೆಂಟ್’ ಎಂದು ಸಹಿ ಹಾಕಿದರು. ಸಂಖ್ಯಾಶಾಸ್ತ್ರದ ‘ಸ್ಟೂಡೆಂಟ್ಸ್ ಟಿ-ಪರೀಕ್ಷೆ’ಗೆ ಆ ಹೆಸರು ಬಂದದ್ದು ಹೀಗೆ.

ನೀರಿನ ವಿಷಯದಲ್ಲೂ ಆ ಎಚ್ಚರಿಕೆ ಬೇಕು. ಮಳೆಗಾಲದ ಬೋರ್‌ವೆಲ್ ನೀರು ಬೇರೆ, ಏಪ್ರಿಲ್ ತಿಂಗಳಿನದು ಬೇರೆ. ಕನಿಷ್ಠ ಎರಡು ಕಾಲದಲ್ಲಿ ಪರೀಕ್ಷೆ ಮಾಡಿಸಿ. ವರದಿಯ ಮೇಲೆ ನೀರು ಹಿಡಿದ ದಿನಾಂಕ ಮತ್ತು ಜಾಗ ಇದೆಯೇ ನೋಡಿ. ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು ಆಮೇಲೆ ನೀರು ಹಿಡಿಯಿರಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಶುದ್ಧೀಕರಿಸಿದ ಬಾಟಲಿ ಬೇಕು. ಅದನ್ನು ತಂಪಾಗಿಟ್ಟು ಅದೇ ದಿನ ತಲುಪಿಸುವುದು ಒಳ್ಳೆಯದು.

2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳಲ್ಲಿ ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ತರಬೇತಿ ನೀಡಲಾಗಿದೆ. ನಿಮ್ಮ ಊರಿನಲ್ಲಿ ಯಾರಿಗೆ ತರಬೇತಿಯಾಗಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಶಾಲೆಯ ಕುಡಿಯುವ ನೀರಿನ ವರದಿಯನ್ನು ಪೋಷಕರ ಸಭೆಯಲ್ಲಿ ಕೇಳಿ ನೋಡಿ. ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಮತ್ತು ಯಾವ ಲೆಕ್ಕದಲ್ಲಿ, ಇ-ಕೊಲೈ ಇದೆಯೇ, ನೀರು ಹಿಡಿದದ್ದು ಯಾವಾಗ? ನಾಲ್ಕೇ ಪ್ರಶ್ನೆ. ಮಕ್ಕಳ ಮಾರ್ಕ್ಸ್‌ಕಾರ್ಡಿಗೆ ಸಹಿ ಹಾಕುವ ಅದೇ ಸಭೆಯಲ್ಲಿ ಇದನ್ನೂ ನೋಡಿ ಬಂದರೆ ಹೆಚ್ಚು ಹೊತ್ತೇನೂ ಹಿಡಿಯದು.